ವಾಷಿಂಗ್ ಮಷೀನ್: ಕೆಲಸ ಮಾಡುವ ಬಗೆ ಮತ್ತು ಕೋಲಾರ ಸೀಮೆಯ ತೊಂದರೆಗಳು

ವಾಷಿಂಗ್ ಮಷೀನ್ ಎಂಬುದು ನೀರು, ಮಾರ್ಜಕ ಮತ್ತು ತಿರುಗುವ ಚಲನೆಯಿಂದ ಬಟ್ಟೆಯ ಕೊಳೆ ಬಿಡಿಸಿ, ಜಾಲಿಸಿ, ಹಿಂಡಿ ಕೊಡುವ ವಿದ್ಯುತ್ ಯಂತ್ರ. ಅದರ ರಚನೆ ಎಲ್ಲ ಊರಲ್ಲೂ ಒಂದೇ. ಆದರೆ ಅದು ಎಷ್ಟು ಕಾಲ ಬಾಳುತ್ತದೆ, ಯಾವ ಭಾಗ ಮೊದಲು ಕೆಡುತ್ತದೆ ಎಂಬುದು ಒಳಗೆ ಹರಿಯುವ ನೀರಿನ ಮೇಲೆ ನಿಂತಿದೆ. ವರ್ಷವಿಡೀ ಹರಿಯುವ ನದಿಯಿಲ್ಲದೆ, ಆಳದ ಕೊಳವೆಬಾವಿಗಳನ್ನೇ ನೆಚ್ಚಿಕೊಂಡು ಬಂದ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಇದು ಬೇರೆಡೆಗಿಂತ ಸ್ಪಷ್ಟವಾಗಿ ಕಾಣುತ್ತದೆ. ಈ ಲೇಖನದಲ್ಲಿ ‘ಟಬ್’ ಎಂದರೆ ನೀರು ನಿಲ್ಲುವ ಹೊರಪಾತ್ರೆ. ‘ಡ್ರಮ್’ ಎಂದರೆ ಬಟ್ಟೆ ತುಂಬುವ, ಮೈಯೆಲ್ಲ ತೂತಿರುವ ಒಳಪಾತ್ರೆ. ‘ಗಡಸುತನ’ ಎಂದರೆ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳ ಪ್ರಮಾಣ.

ಹಿನ್ನೆಲೆ

ಯಂತ್ರ ಬರುವ ಮೊದಲು ಈ ಸೀಮೆಯ ಒಗೆತ ನಡೆಯುತ್ತಿದ್ದುದು ಕೆರೆ, ಕಲ್ಯಾಣಿ, ಬಾವಿಗಳ ಬಳಿ, ಕಲ್ಲಿನ ಮೇಲೆ. ಊರಿನ ಬಟ್ಟೆಯನ್ನು ಮಡಿವಾಳರು ಒಗೆಯುತ್ತಿದ್ದರು. ಚೌಳು ಮಣ್ಣಿನ ನೀರಿನಲ್ಲಿ ನೆನೆಸುವುದು, ಉಬ್ಬೆ ಹಾಕಿ ಹಬೆಯಲ್ಲಿ ಬೇಯಿಸುವುದು, ಕಲ್ಲಿಗೆ ಕುಕ್ಕುವುದು, ಹರಿಯುವ ನೀರಿನಲ್ಲಿ ಜಾಲಿಸುವುದು ಅವರ ಕ್ರಮ. ರೇಷ್ಮೆಗೆ ಅಂಟುವಾಳದ ನೊರೆ ಬಳಸುತ್ತಿದ್ದರು. ಚೌಳು ಮಣ್ಣಿನಲ್ಲಿ ಕೆಲಸ ಮಾಡುತ್ತಿದ್ದುದು ಸೋಡಿಯಂ ಕಾರ್ಬೊನೇಟ್, ಅಂದರೆ ಅಂಗಡಿಯ ವಾಷಿಂಗ್ ಸೋಡಾ. ಇಂದಿನ ಮಾರ್ಜಕದ ಪುಡಿಗಳಲ್ಲೂ ಅದೇ ಒಂದು ಮುಖ್ಯ ಅಂಶ. ಯಂತ್ರ ತಂದ ಹೊಸತನ ಶಕ್ತಿಯ ಮೂಲದಲ್ಲಿದೆಯೇ ಹೊರತು ಒಗೆತದ ಕ್ರಮದಲ್ಲಿಲ್ಲ.

1767ರಲ್ಲಿ ಜರ್ಮನಿಯ ಯಾಕೋಬ್ ಕ್ರಿಸ್ಟಿಯಾನ್ ಶೆಫರ್ ಕೈಯಿಂದ ತಿರುಗಿಸುವ ಒಗೆಯುವ ಯಂತ್ರದ ವಿವರ ಪ್ರಕಟಿಸಿದ. 1851ರಲ್ಲಿ ಅಮೆರಿಕದ ಜೇಮ್ಸ್ ಕಿಂಗ್ ಡ್ರಮ್ ಇರುವ ಯಂತ್ರಕ್ಕೆ ಪೇಟೆಂಟ್ ಪಡೆದ. ವಿದ್ಯುತ್ ಮೋಟಾರಿನ ಯಂತ್ರಗಳು 20ನೇ ಶತಮಾನದ ಮೊದಲ ದಶಕದಲ್ಲಿ ಬಂದವು. 1937ರಲ್ಲಿ ಅಮೆರಿಕದ ಬೆಂಡಿಕ್ಸ್ ಕಂಪನಿ ಒಗೆಯುವುದು, ಜಾಲಿಸುವುದು, ಹಿಂಡುವುದು ಮೂರನ್ನೂ ತಾನೇ ಮಾಡುವ ಗೃಹಬಳಕೆಯ ಯಂತ್ರ ತೋರಿಸಿತು. ಕೋಲಾರ ಜಿಲ್ಲೆಗೆ ವಿದ್ಯುತ್ ಬಂದದ್ದು ಬಲು ಮುಂಚೆ, 1902ರಲ್ಲಿ, ಶಿವನಸಮುದ್ರದಿಂದ ಚಿನ್ನದ ಗಣಿಗಳಿಗೆ. ಮನೆಯ ಒಗೆತಕ್ಕೆ ಆ ಶಕ್ತಿ ದಕ್ಕಲು ಮುಕ್ಕಾಲು ಶತಮಾನಕ್ಕೂ ಹೆಚ್ಚು ಹಿಡಿಯಿತು: ಭಾರತದ ಮಾರುಕಟ್ಟೆಯಲ್ಲಿ ವಾಷಿಂಗ್ ಮಷೀನ್ ಮಧ್ಯಮವರ್ಗದ ಮನೆಗಳತ್ತ ಬಂದದ್ದು 1980ರ ದಶಕದ ಕೊನೆಗೆ, ಹರಡಿದ್ದು 1990ರ ನಂತರ.

ಒಗೆತದ ತತ್ವ

ಬಟ್ಟೆ ಸ್ವಚ್ಛವಾಗಲು ನಾಲ್ಕು ಬೇಕು: ಮಾರ್ಜಕ, ಬಿಸಿ, ತಿಕ್ಕಾಟ, ಸಮಯ. ಜರ್ಮನ್ ರಸಾಯನಶಾಸ್ತ್ರಜ್ಞ ಹರ್ಬರ್ಟ್ ಸಿನ್ನರ್ 1959ರಲ್ಲಿ ಇದನ್ನು ಒಂದು ವೃತ್ತವಾಗಿ ನಿರೂಪಿಸಿದ. ಒಂದನ್ನು ಕಡಿಮೆ ಮಾಡಿದರೆ ಉಳಿದವುಗಳಲ್ಲಿ ಯಾವುದನ್ನಾದರೂ ಹೆಚ್ಚಿಸಲೇಬೇಕು. ಬಿಸಿನೀರಿಲ್ಲದ ಯಂತ್ರದಲ್ಲಿ ಬಟ್ಟೆಯನ್ನು ಮೊದಲೇ ನೆನೆಹಾಕಬೇಕಾಗುವುದು ಇದರಿಂದಲೇ.

ಮಾರ್ಜಕದ ಅಣುವಿನ ಒಂದು ತುದಿ ನೀರಿಗೆ, ಇನ್ನೊಂದು ತುದಿ ಎಣ್ಣೆಗೆ ಅಂಟುತ್ತದೆ. ಹೀಗೆ ಅದು ಜಿಡ್ಡನ್ನು ನೂಲಿನಿಂದ ಕಿತ್ತು ಸಣ್ಣ ಸಣ್ಣ ಹನಿಗಳಾಗಿ ನೀರಿನಲ್ಲಿ ತೇಲಿಸುತ್ತದೆ. ತಿಕ್ಕಾಟ ಆ ಹನಿಗಳನ್ನು ಬಟ್ಟೆಯಿಂದ ದೂರ ಒಯ್ಯುತ್ತದೆ. ಹಿಂಡುವ ಕೆಲಸ ವೇಗದ್ದು. ಡ್ರಮ್ ಜೋರಾಗಿ ತಿರುಗುವಾಗ ಬಟ್ಟೆ ಗೋಡೆಗೆ ಒತ್ತಿಕೊಂಡು, ನೀರು ತೂತುಗಳಿಂದ ಆಚೆ ಚಿಮ್ಮುತ್ತದೆ. 25 ಸೆಂ.ಮೀ. ತ್ರಿಜ್ಯದ ಡ್ರಮ್ ನಿಮಿಷಕ್ಕೆ 1,200 ಸುತ್ತು ತಿರುಗಿದರೆ ಬಟ್ಟೆಯ ಮೇಲೆ ಬೀಳುವ ಬಲ ಗುರುತ್ವದ ಸುಮಾರು 400 ಪಟ್ಟು. ಟಾಪ್ ಲೋಡ್ ಯಂತ್ರದ (ಬಗೆಗಳ ವಿವರ ಮುಂದಿದೆ) 22 ಸೆಂ.ಮೀ. ತ್ರಿಜ್ಯದ ಡ್ರಮ್ 700 ಸುತ್ತಿನಲ್ಲಿ ಕೊಡುವುದು ಸುಮಾರು 120 ಪಟ್ಟು ಮಾತ್ರ. ಸೆಮಿ ಆಟೋಮ್ಯಾಟಿಕ್ ಯಂತ್ರದ ಪುಟ್ಟ ಡ್ರೈಯರ್ ಬುಟ್ಟಿ 12 ಸೆಂ.ಮೀ. ತ್ರಿಜ್ಯದ್ದಾದರೂ 1,300 ಸುತ್ತಿನಲ್ಲಿ 225 ಪಟ್ಟಿನಷ್ಟು ಬಲ ಹುಟ್ಟಿಸುತ್ತದೆ. ಅಗ್ಗದ ಸೆಮಿ ಯಂತ್ರದ ಬಟ್ಟೆ ಎಷ್ಟೋ ಸಲ ದುಬಾರಿ ಟಾಪ್ ಲೋಡ್ ಯಂತ್ರದ್ದಕ್ಕಿಂತ ಬೇಗ ಒಣಗುವುದು ಈ ಲೆಕ್ಕದಿಂದ.

ರಚನೆ

ಟಬ್ ಪೆಟ್ಟಿಗೆಯೊಳಗೆ ಬಿಗಿಯಾಗಿ ಕೂತಿರುವುದಿಲ್ಲ. ಟಾಪ್ ಲೋಡ್ ಯಂತ್ರದಲ್ಲಿ ನಾಲ್ಕು ಸಸ್ಪೆನ್ಷನ್ ಸರಳುಗಳಿಂದ ತೂಗಾಡುತ್ತದೆ. ಫ್ರಂಟ್ ಲೋಡ್‌ನಲ್ಲಿ ಮೇಲೆ ಸ್ಪ್ರಿಂಗ್, ಕೆಳಗೆ ಶಾಕ್ ಅಬ್ಸಾರ್ಬರ್, ಜೊತೆಗೆ ಅದುರಾಟ ತಡೆಯಲು ಭಾರದ ಕಾಂಕ್ರೀಟ್ ತುಂಡು. ಫ್ರಂಟ್ ಲೋಡ್ ಡ್ರಮ್ಮಿನ ಬೆನ್ನಿಗೆ ‘ಸ್ಪೈಡರ್’ ಎಂಬ ಮೂರು ತೋಳಿನ ಅಲ್ಯೂಮಿನಿಯಂ ಚೌಕಟ್ಟು ಇರುತ್ತದೆ.

ನೀರು ಒಳಬರುವುದು ಇನ್ಲೆಟ್ ವಾಲ್ವ್ ಮೂಲಕ. ವಾಲ್ವಿನ ಬಾಯಲ್ಲಿ ಸಣ್ಣ ಜಾಲರಿ ಇರುತ್ತದೆ. ಎಷ್ಟು ನೀರು ತುಂಬಿತು ಎಂದು ತಿಳಿಯುವ ಉಪಾಯ ಸರಳವಾದದ್ದು: ಟಬ್ಬಿನ ತಳದಿಂದ ಮೇಲಕ್ಕೆ ಒಂದು ಸಣ್ಣ ರಬ್ಬರ್ ಕೊಳವೆ ಹೋಗಿರುತ್ತದೆ. ನೀರು ಏರಿದಂತೆ ಅದರೊಳಗಿನ ಗಾಳಿ ಒತ್ತಲ್ಪಟ್ಟು ಮೇಲಿರುವ ಪ್ರೆಷರ್ ಸ್ವಿಚ್ಚಿನ ಪೊರೆಯನ್ನು ತಳ್ಳುತ್ತದೆ. ಕೊಳವೆಗೆ ಕೊಳೆ ಕಟ್ಟಿದರೆ ಅಥವಾ ಸೀಳು ಬಿದ್ದರೆ ಯಂತ್ರಕ್ಕೆ ನೀರಿನ ಮಟ್ಟ ತಿಳಿಯದು, ಟಬ್ ತುಂಬಿ ಹರಿಯುತ್ತದೆ.

ಸೆಮಿ ಮತ್ತು ಬಹುಪಾಲು ಸಾಧಾರಣ ಟಾಪ್ ಲೋಡ್ ಯಂತ್ರಗಳಲ್ಲಿ ಇರುವುದು ಕೆಪಾಸಿಟರ್ ಜೋಡಿಸಿದ ಇಂಡಕ್ಷನ್ ಮೋಟಾರ್. ಕೆಪಾಸಿಟರನ್ನು ಒಮ್ಮೆ ಒಂದು ತಂತಿಸುರುಳಿಗೆ, ಮತ್ತೊಮ್ಮೆ ಇನ್ನೊಂದು ತಂತಿಸುರುಳಿಗೆ ಸೇರಿಸಿದಾಗ ಮೋಟಾರ್ ಎಡಕ್ಕೂ ಬಲಕ್ಕೂ ತಿರುಗುತ್ತದೆ. ಹಳೆಯ ಫ್ರಂಟ್ ಲೋಡ್ ಯಂತ್ರಗಳಲ್ಲಿ ಸವೆಯುವ ಕಾರ್ಬನ್ ಬ್ರಷ್ಷುಗಳಿರುವ ಮೋಟಾರ್. ಹೊಸವುಗಳಲ್ಲಿ ಬ್ರಷ್ ಇಲ್ಲದ ಇನ್ವರ್ಟರ್ ಮೋಟಾರ್.

ಫುಲ್ಲಿ ಆಟೋಮ್ಯಾಟಿಕ್ ಟಾಪ್ ಲೋಡ್‌ನಲ್ಲಿ ಕ್ಲಚ್ಚಿನ ಕೆಲಸವನ್ನು ಅರಿಯುವುದು ರಿಪೇರಿಗೆ ಮುಖ್ಯ. ಒಗೆಯುವಾಗ ಡ್ರಮ್ಮಿನ ತಳದಲ್ಲಿ ನೀರು ಕಲಕುವ ತಟ್ಟೆಯಾದ ಪಲ್ಸೇಟರ್ ಮಾತ್ರ ತಿರುಗುತ್ತದೆ, ಡ್ರಮ್ ಬ್ರೇಕಿನಲ್ಲಿರುತ್ತದೆ. ಹಿಂಡುವ ಹೊತ್ತಿಗೆ ಡ್ರೈನ್ ಮೋಟಾರ್ ಒಂದು ತಂತಿಯನ್ನೆಳೆಯುತ್ತದೆ. ಆ ಒಂದೇ ಎಳೆತದಿಂದ ನೀರಿನ ಬಾಯಿ ತೆರೆದು, ಬ್ರೇಕ್ ಬಿಟ್ಟು, ಕ್ಲಚ್ ಹಿಡಿದು ಡ್ರಮ್ಮೂ ಪಲ್ಸೇಟರೂ ಒಂದಾಗಿ ತಿರುಗುತ್ತವೆ. ನೀರೂ ಹೋಗುತ್ತಿಲ್ಲ, ಹಿಂಡುವುದೂ ಇಲ್ಲ ಎಂಬ ಜೋಡಿ ದೂರು ಬಂದರೆ ಮೊದಲು ನೋಡಬೇಕಾದದ್ದು ಈ ಡ್ರೈನ್ ಮೋಟಾರನ್ನೇ.

ಬಗೆಗಳು

ಸೆಮಿ ಆಟೋಮ್ಯಾಟಿಕ್ ಯಂತ್ರಕ್ಕೆ ಎರಡು ಪಾತ್ರೆ: ಒಂದು ಒಗೆಯಲು, ಒಂದು ಹಿಂಡಲು. ನೀರು ತುಂಬಿಸುವುದು, ಬಟ್ಟೆ ಬದಲಾಯಿಸುವುದು ಕೈಯಿಂದ. ಟಾಪ್ ಲೋಡ್ ಫುಲ್ಲಿ ಆಟೋಮ್ಯಾಟಿಕ್ ಒಂದೇ ಡ್ರಮ್ಮಿನಲ್ಲಿ ಎಲ್ಲ ಮಾಡುತ್ತದೆ. ಒಂದು ಪೂರ್ಣ ಸರದಿಗೆ ಸಾಮಾನ್ಯವಾಗಿ ನೂರು ಲೀಟರ್ ಮೀರಿದ ನೀರು ಬೇಡುತ್ತದೆ. ಫ್ರಂಟ್ ಲೋಡ್‌ನಲ್ಲಿ ಡ್ರಮ್ ಅಡ್ಡಲಾಗಿದ್ದು, ಬಟ್ಟೆಯನ್ನು ಮೇಲೆತ್ತಿ ಬೀಳಿಸುತ್ತದೆ. ಅದಕ್ಕೆ ಸುಮಾರು 50ರಿಂದ 70 ಲೀಟರ್ ಸಾಕು. ಒಳಗೆ ಹೀಟರ್ ಇರುತ್ತದೆ: 20 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಸುಮಾರು 0.8 ಯೂನಿಟ್ ವಿದ್ಯುತ್ ಬೇಕು. ಮೋಟಾರ್ ಉಣ್ಣುವುದು ಅದಕ್ಕಿಂತ ಬಹಳ ಕಡಿಮೆ.

ನೀರು ಟ್ಯಾಂಕರಿನಿಂದ ಸಂಪಿಗೆ ಬೀಳುವ ಮನೆಗಳಲ್ಲಿ ಸೆಮಿ ಯಂತ್ರಕ್ಕೆ ಬಲವಾದ ಕಾರಣಗಳಿವೆ. ಬಿಂದಿಗೆಯಿಂದಲೂ ತುಂಬಬಹುದು; ಬಿಳಿ ಬಟ್ಟೆ ಒಗೆದ ಸೋಪುನೀರಿನಲ್ಲೇ ಬಣ್ಣದ ಬಟ್ಟೆ, ಕೊನೆಗೆ ಕಾಲೊರಸು ಹಾಕಬಹುದು; ಕರೆಂಟ್ ಹೋಗಿ ಬಂದರೆ ಯಾಂತ್ರಿಕ ಟೈಮರನ್ನು ಮತ್ತೆ ತಿರುಗಿಸಿ ಒಗೆತ ಮುಂದುವರಿಸಬಹುದು. ಫ್ರಂಟ್ ಲೋಡ್ ನೀರಿನ ಮಿತವ್ಯಯದಲ್ಲಿ ಎಲ್ಲಕ್ಕಿಂತ ಮುಂದಿದ್ದರೂ ನೀರಿನ ಒತ್ತಡವನ್ನೂ ಮೃದುತ್ವವನ್ನೂ ಬೇಡುವುದು ಅದೇ.

ಕೋಲಾರ ಸೀಮೆಯ ನೀರು

ಈ ತಾಲ್ಲೂಕುಗಳ ನೆಲದಡಿ ಇರುವುದು ಬಹುಪಾಲು ಗ್ರಾನೈಟ್ ಮತ್ತು ನೈಸ್ ಶಿಲೆ. ನೀರು ನಿಲ್ಲುವುದು ಬಂಡೆಯ ಬಿರುಕುಗಳಲ್ಲಿ. ತೆರೆದ ಬಾವಿಗಳು ಬತ್ತಿದ ಮೇಲೆ ಕೊಳವೆಬಾವಿಗಳು ಸಾವಿರ ಅಡಿ ದಾಟಿ ಇಳಿದವು. ಕೇಂದ್ರ ಅಂತರ್ಜಲ ಮಂಡಳಿ ತನ್ನ ಅಂದಾಜುಗಳಲ್ಲಿ ಈ ತಾಲ್ಲೂಕುಗಳನ್ನು ಅತಿಬಳಕೆಯ ಪ್ರದೇಶಗಳೆಂದು ಗುರುತಿಸಿದೆ. ಬಂಡೆಯ ಜೊತೆ ಬಹುಕಾಲ ಇದ್ದ ನೀರು ಲವಣಗಳನ್ನು ಕರಗಿಸಿಕೊಂಡು ಬರುತ್ತದೆ. ಜನ ಇದನ್ನು ಉಪ್ಪು ನೀರು, ಬೋರ್ ನೀರು ಎನ್ನುತ್ತಾರೆ.

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಮಿತಿ ಹಾಕಿ, ಬೇರೆ ಮೂಲವಿಲ್ಲದಾಗ 600ರವರೆಗೆ ಒಪ್ಪುತ್ತದೆ. ಲೀಟರಿಗೆ 500 ಮಿಲಿಗ್ರಾಂ ಇರುವ ನೀರನ್ನು ಒಂದು ಸರದಿಗೆ 60 ಲೀಟರ್ ಬಳಸಿದರೆ, ಯಂತ್ರದೊಳಗೆ ಹಾದುಹೋಗುವ ಗಡಸು ಲವಣ ಸುಣ್ಣಕಲ್ಲಿನ ಲೆಕ್ಕದಲ್ಲಿ 30 ಗ್ರಾಂ. ಎಲ್ಲವೂ ಒಳಗೇ ಉಳಿಯುವುದಿಲ್ಲ. ಆದರೆ ನೀರು ಕಾದಾಗ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು, ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಹೀಟರಿನ ಮೈಗೆ ಕೂರುತ್ತದೆ. ಶಾಖ ಆ ಪದರವನ್ನು ದಾಟಲಾರದೆ ಹೀಟರ್ ಒಳಗೊಳಗೇ ಅತಿಯಾಗಿ ಕಾದು ಸುಟ್ಟುಹೋಗುತ್ತದೆ.

ಗಡಸು ನೀರಿಗೆ ಇನ್ನೊಂದು ಪರಿಣಾಮವಿದೆ. ಸಾಮಾನ್ಯ ಬಾರ್ ಸೋಪು ಕ್ಯಾಲ್ಸಿಯಂ ಜೊತೆ ಸೇರಿ ಕರಗದ ಬೂದು ಗಸಿಯಾಗುತ್ತದೆ. ಕಾಲರಿಗೆ, ಪಂಚೆಯ ಅಂಚಿಗೆ ಬಾರ್ ಸೋಪು ಉಜ್ಜಿ ಹಾಗೇ ಯಂತ್ರಕ್ಕೆ ಹಾಕುವ ರೂಢಿಯಿಂದ ಈ ಗಸಿ ಡ್ರಮ್ಮಿನ ಹೊರಮೈಯಲ್ಲಿ, ಕಣ್ಣಿಗೆ ಬೀಳದ ಜಾಗದಲ್ಲಿ, ದಪ್ಪಗೆ ಕಟ್ಟುತ್ತದೆ. ತೊಳೆದ ಕಪ್ಪು ಬಟ್ಟೆಯ ಮೇಲೆ ಕಾಣುವ ಬೂದು ಚೂರುಗಳು ಅದರವೇ. ಕಾಲರನ್ನು ತಿಕ್ಕಿದ ಮೇಲೆ ಬಕೆಟ್ಟಿನಲ್ಲಿ ಒಮ್ಮೆ ಜಾಲಿಸಿ ಯಂತ್ರಕ್ಕೆ ಹಾಕಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಟಿಡಿಎಸ್ ಮೀಟರ್ ಗಡಸುತನವನ್ನು ಅಳೆಯುವುದಿಲ್ಲ. ಕರಗಿರುವ ಎಲ್ಲ ಲವಣಗಳ ಒಟ್ಟು ಅಂದಾಜು ಕೊಡುತ್ತದೆ. ನೀರನ್ನು ಮೃದುಮಾಡುವ ಸಾಫ್ಟನರ್ ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೊಡುವುದರಿಂದ ಅದರಿಂದ ಬಂದ ಮೃದು ನೀರಿನಲ್ಲೂ ಟಿಡಿಎಸ್ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಮನೆಯಲ್ಲಿ ಸುಲಭ ಪರೀಕ್ಷೆ ಬಾಟಲಿಯದು: ಸ್ವಲ್ಪ ನೀರಿಗೆ ಬಾರ್ ಸೋಪಿನ ತುರಿ ಹಾಕಿ ಕುಲುಕಿದಾಗ ನೊರೆ ನಿಲ್ಲದೆ ಒಡೆದ ಹಾಲಿನಂತೆ ಗಸಿ ಬಂದರೆ ನೀರು ಗಡಸು. ಈ ಜಿಲ್ಲೆಯ ಅಂತರ್ಜಲದ ಕುಖ್ಯಾತ ಅಂಶ ಫ್ಲೋರೈಡ್. ಅದು ಕುಡಿಯುವವರ ಹಲ್ಲು, ಮೂಳೆಗಳಿಗೆ ಕೇಡು, ಯಂತ್ರದ ಮಟ್ಟಿಗೆ ಲೆಕ್ಕಕ್ಕಿಲ್ಲ. ಶುದ್ಧ ಕುಡಿಯುವ ನೀರಿನ ಘಟಕಗಳು ಹೊರಬಿಡುವ ತ್ಯಾಜ್ಯ ನೀರಿನಲ್ಲಿ ಮೂಲ ನೀರಿಗಿಂತ ಹೆಚ್ಚು ಲವಣ ಇರುತ್ತದೆ. ಅದನ್ನು ತಂದು ವಾಷಿಂಗ್ ಮಷೀನಿಗೆ ತುಂಬಬಾರದು.

ಪರಿಹಾರಗಳಲ್ಲಿ ಉಪ್ಪಿನಿಂದ ಪುನಶ್ಚೇತನಗೊಳ್ಳುವ ರಾಳದ ಸಾಫ್ಟನರ್ ಗಡಸುತನವನ್ನು ನಿಜವಾಗಿ ತೆಗೆಯುತ್ತದೆ. ನಲ್ಲಿಗೆ ಜೋಡಿಸುವ ಚಿಕ್ಕ ಪಾಲಿಫಾಸ್ಫೇಟ್ ಕಾರ್ಟ್ರಿಡ್ಜ್ ತೆಗೆಯುವುದಿಲ್ಲ, ಪದರ ಕಟ್ಟುವುದನ್ನು ನಿಧಾನಿಸುತ್ತದೆ. ಕಟ್ಟಿದ ಪದರಕ್ಕೆ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ಸುಮಾರು 100 ಗ್ರಾಂ ಹಾಕಿ ಖಾಲಿ ಡ್ರಮ್ಮನ್ನು ಬಿಸಿನೀರಿನಲ್ಲಿ ಓಡಿಸುವುದು ರೂಢಿ. ಅದರ ಜೊತೆ ಬ್ಲೀಚ್ ಎಂದೂ ಸೇರಿಸಬಾರದು. ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ.

ಸಾಮಾನ್ಯ ತೊಂದರೆಗಳು

ನೀರು ತುಂಬದಿರುವುದು. ಇದು ಈ ಸೀಮೆಯ ಮೊದಲ ದೂರು, ಕಾರಣ ಎರಡು. ಮೊದಲನೆಯದು ಜಾಲರಿ: ಕೊಳವೆಬಾವಿಯ ಮರಳು, ಸಂಪಿನ ಮಣ್ಣು, ಪೈಪಿನ ತುಕ್ಕು ವಾಲ್ವಿನ ಬಾಯಿಗೆ ಕೂರುತ್ತವೆ. ನಲ್ಲಿ ನಿಲ್ಲಿಸಿ, ಪೈಪ್ ಬಿಚ್ಚಿ, ಜಾಲರಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದರೆ ಸಾಕು. ಎರಡನೆಯದು ಒತ್ತಡ. ನೀರಿನ ಪ್ರತಿ ಮೀಟರ್ ಎತ್ತರಕ್ಕೆ ಸಿಗುವುದು ಸುಮಾರು 0.1 ಬಾರ್. ಒಂದೇ ಅಂತಸ್ತಿನ ಮನೆಯ ತಾರಸಿಯ ಮೇಲೆ ಸಿಂಟೆಕ್ಸ್ ತೊಟ್ಟಿಯನ್ನು ನೇರ ಇಟ್ಟರೆ ಕೆಳಗಿನ ಯಂತ್ರಕ್ಕೆ ದಕ್ಕುವುದು 0.2ರಿಂದ 0.3 ಬಾರ್. ತಯಾರಕರು ಫ್ರಂಟ್ ಲೋಡ್‌ಗೆ ಕೇಳುವ ಕನಿಷ್ಠ ಒತ್ತಡ 0.3ರಿಂದ 1 ಬಾರ್ ವರೆಗೆ ಇರುತ್ತದೆ. ವಾಲ್ವ್ ಚೆನ್ನಾಗಿದ್ದೂ ಯಂತ್ರ ದೋಷ ತೋರಿಸುವುದು ಹೀಗೆ. ತೊಟ್ಟಿಗೆ ಎತ್ತರದ ಕಟ್ಟೆ ಕಟ್ಟಿಸುವುದು ಅಥವಾ ಪ್ರೆಷರ್ ಪಂಪ್ ಹಾಕಿಸುವುದು ಇದರ ದಾರಿ; ವಾಲ್ವ್ ಬದಲಿಸಿದರೆ ಹಣ ಮಾತ್ರ ಖರ್ಚು.

ನೀರು ಹೊರಹೋಗದಿರುವುದು. ಫ್ರಂಟ್ ಲೋಡ್‌ನಲ್ಲಿ ಕೆಳಗಿನ ಮೂಲೆಯ ಫಿಲ್ಟರಿನಲ್ಲಿ ನಾಣ್ಯ, ಪಿನ್ನು, ಗುಂಡಿ, ನೂಲು ಸಿಕ್ಕಿಕೊಂಡಿರುತ್ತವೆ. ಟಾಪ್ ಲೋಡ್‌ನಲ್ಲಿ ಡ್ರೈನ್ ಪೈಪನ್ನು ನೆಲಕ್ಕಿಂತ ಎತ್ತರಕ್ಕೆ ಏರಿಸಿದರೂ ಇದೇ ಆಗುತ್ತದೆ, ಏಕೆಂದರೆ ಅವುಗಳಲ್ಲಿ ಹೆಚ್ಚಿನವುಗಳಿಗೆ ಪಂಪ್ ಇಲ್ಲ, ನೀರು ತನ್ನಷ್ಟಕ್ಕೆ ಇಳಿಯಬೇಕು.

ಮೋಟಾರ್ ಗುಂಯ್‌ಗುಟ್ಟಿ ತಿರುಗದಿರುವುದು. ಕೆಪಾಸಿಟರ್ ಸತ್ತಿರಬಹುದು, ಬೆಲ್ಟ್ ಸಡಿಲಿರಬಹುದು ಅಥವಾ ಪಲ್ಸೇಟರಿನಡಿ ಕಾಲುಚೀಲ ಸಿಕ್ಕಿರಬಹುದು. ಸೆಮಿ ಯಂತ್ರದ ಡ್ರೈಯರಿನ ಮುಚ್ಚಳ ತೆರೆದರೂ ಬುಟ್ಟಿ ತಿರುಗುತ್ತಲೇ ಇದ್ದರೆ ಬ್ರೇಕಿನ ತಂತಿ ಸಡಿಲಾಗಿದೆ ಎಂದರ್ಥ. ಸರಿಪಡಿಸುವವರೆಗೆ ಆ ಬುಟ್ಟಿಗೆ ಕೈ ಹಾಕಬಾರದು, ಮಕ್ಕಳನ್ನು ಹತ್ತಿರ ಬಿಡಬಾರದು.

ಅದುರಾಟ. ಬೆಡ್‌ಶೀಟೊಂದೇ ಹಾಕಿದಾಗ ಅದು ಮುದ್ದೆಯಾಗಿ ಒಂದು ಕಡೆ ಸೇರುತ್ತದೆ. ಕಲ್ಲುಚಪ್ಪಡಿ ಹಾಸಿದ ಹಿತ್ತಲಿನಲ್ಲಿ ನಾಲ್ಕು ಕಾಲುಗಳೂ ಸಮನಾಗಿ ಊರುವುದು ಕಷ್ಟ. ಕಾಲಿನ ತಿರುಪು ತಿರುಗಿಸಿ ಮಟ್ಟಸ ಮಾಡಬೇಕು. ಇವೆರಡೂ ಸರಿಯಿದ್ದು ಹಿಂಡುವಾಗ ಗಡಗಡ ಸದ್ದು ಬಂದರೆ ಬೇರಿಂಗ್ ಸವೆದಿದೆ ಅಥವಾ ಸ್ಪೈಡರ್ ಬಿರುಕು ಬಿಟ್ಟಿದೆ. ಅಲ್ಯೂಮಿನಿಯಂ ಸ್ಪೈಡರ್ ಮೇಲೆ ಕ್ಷಾರೀಯ ಮಾರ್ಜಕದ ಗಸಿ ನಿಂತು ಲೋಹವನ್ನು ತಿನ್ನುತ್ತದೆ. ಅಗತ್ಯಕ್ಕಿಂತ ಹೆಚ್ಚು ಪುಡಿ ಹಾಕುವುದು ಇದನ್ನು ಬೇಗ ತರುತ್ತದೆ.

ದುರ್ವಾಸನೆ. ಫ್ರಂಟ್ ಲೋಡ್‌ನ ಬಾಗಿಲ ರಬ್ಬರ್ ಮಡಿಕೆಯಲ್ಲಿ ನೀರು ನಿಂತು ಬೂಷ್ಟು ಹಿಡಿಯುತ್ತದೆ. ಒಗೆದ ಮೇಲೆ ಒರೆಸಿ, ಬಾಗಿಲನ್ನು ಸ್ವಲ್ಪ ತೆರೆದಿಡಬೇಕು.

ವಿದ್ಯುತ್ ಸಂಬಂಧದ ಕೆಡುಕು. ಮನೆಗೆ ಬರಬೇಕಾದದ್ದು 230 ವೋಲ್ಟ್. ಏರಿಳಿತಕ್ಕೆ ಮೊದಲು ಬಲಿಯಾಗುವುದು ಪಿಸಿಬಿ, ಅಂದರೆ ಯಂತ್ರವನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡ್. ಯಂತ್ರದ ಮೈ ಮುಟ್ಟಿದಾಗ ಜುಮ್ಮೆಂದರೆ ಅರ್ಥಿಂಗ್ ಸರಿಯಿಲ್ಲ. ಒಣ ಬಂಡೆಯ ನೆಲದಲ್ಲಿ ಅರ್ಥಿಂಗ್ ಗುಂಡಿ ಬೇಸಿಗೆಗೆ ಒಣಗಿ ವಿದ್ಯುತ್ತನ್ನು ನೆಲಕ್ಕೆ ಇಳಿಸದಾಗುತ್ತದೆ. ಇದ್ದಿಲು, ಉಪ್ಪು ತುಂಬಿದ ಗುಂಡಿಗೆ ಆಗಾಗ ನೀರು ಹೊಯ್ಯಬೇಕು. ಸೋರುವ ವಿದ್ಯುತ್ತನ್ನು ಕಂಡೊಡನೆ ಕಡಿದುಹಾಕುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇಲ್ಲದೆ ಒದ್ದೆ ನೆಲದಲ್ಲಿ ಈ ಯಂತ್ರ ಬಳಸುವುದು ಅಪಾಯ. ತಳ ತೆರೆದಿರುವ ಟಾಪ್ ಲೋಡ್ ಯಂತ್ರಗಳಿಗೆ ಇಲಿ ನುಗ್ಗಿ ತಂತಿ ಕಡಿಯುವುದು, ಹಲ್ಲಿ ಬೋರ್ಡಿನ ಮೇಲೆ ಸತ್ತು ಶಾರ್ಟ್ ಆಗುವುದು ಕೈಪಿಡಿಗಳಲ್ಲಿ ಅಪರೂಪ, ಹಳ್ಳಿ–ಪಟ್ಟಣಗಳಲ್ಲಿ ನಿತ್ಯದ ಮಾತು. ತಳಕ್ಕೆ ತಂತಿಬಲೆ ಬಿಗಿಯಬೇಕು.

ಪರದೆಯ ಮೇಲೆ ಕಾಣುವ ಸಂಕೇತಾಕ್ಷರಗಳು ತಯಾರಕರಿಂದ ತಯಾರಕರಿಗೆ ಬದಲಾಗುತ್ತವೆ. ಕೆಲವುಗಳಲ್ಲಿ ‘ಐಇ’ ನೀರು ಬರದಿರುವುದನ್ನು, ‘ಓಇ’ ಹೊರಹೋಗದಿರುವುದನ್ನು, ‘ಯುಇ’ ಬಟ್ಟೆಯ ತೂಕ ಒಂದೆಡೆ ಸೇರಿರುವುದನ್ನು ಹೇಳುತ್ತದೆ.

ಸ್ಥಳೀಯ ಕೊಳೆಗಳು

ಶ್ರೀನಿವಾಸಪುರದ ಮಾವಿನ ತೋಪುಗಳ ಕೆಲಸದ ಬಟ್ಟೆಗೆ ಹತ್ತುವುದು ಸೊನೆ. ಅದು ಜಿಡ್ಡಿನ ರಾಳ, ನೀರಿಗೆ ಬಗ್ಗದು. ಒಣಗುವ ಮೊದಲೇ ದ್ರವ ಮಾರ್ಜಕ ಹಚ್ಚಿ ಬಿಟ್ಟು, ನಂತರ ಯಂತ್ರಕ್ಕೆ ಹಾಕಬೇಕು. ಮಾಲೂರಿನ ಹಂಚು, ಇಟ್ಟಿಗೆ ಕೆಲಸದ ಕೆಂಪು ಧೂಳಿನ ಬಣ್ಣ ಕಬ್ಬಿಣದ ಆಕ್ಸೈಡಿನದು. ಅಂಥ ಬಟ್ಟೆಯನ್ನು ಒಣಗಿದ್ದಾಗಲೇ ಕೊಡವಬೇಕು. ಒದ್ದೆಯಾದ ಜೇಡಿ ಫಿಲ್ಟರಿಗೆ ಇಳಿದು ಪಂಪ್ ಕಟ್ಟುತ್ತದೆ, ಮರಳು ಬೇರಿಂಗಿನ ಸೀಲನ್ನು ಸವೆಸುತ್ತದೆ. ಬ್ಲೀಚ್ ಕೆಂಪುಮಣ್ಣಿನ ಕಲೆ ತೆಗೆಯುವುದಿಲ್ಲ.

ಈಗಿನ ಸ್ಥಿತಿ

ಹಳೆಯ ಯಂತ್ರವನ್ನು ಗುಜರಿಗೆ ಹಾಕುವಾಗ ಮೋಟಾರಿನ ತಾಮ್ರಕ್ಕೆ ಬೆಲೆ ಬರುತ್ತದೆ, ಉಳಿದದ್ದು ಚೆಲ್ಲಾಪಿಲ್ಲಿಯಾಗುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 2022ರ ಇ–ತ್ಯಾಜ್ಯ ನಿರ್ವಹಣಾ ನಿಯಮಗಳು ಇದರ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ.

ಒಗೆದು ಬಿಟ್ಟ ನೀರಿನ ಗತಿಯೂ ಈ ಜಿಲ್ಲೆಗೆ ನೇರ ಸಂಬಂಧಿಸಿದ್ದು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಎರಡನೇ ಹಂತದವರೆಗೆ ಸಂಸ್ಕರಿಸಿದ ಕೊಳಚೆ ನೀರನ್ನು ಕೋಲಾರದ ಕೆರೆಗಳಿಗೆ ತುಂಬುವ ಯೋಜನೆಯ ಗುರಿ ದಿನಕ್ಕೆ 44 ಕೋಟಿ ಲೀಟರ್. ಆ ನೀರು 2018ರ ಜೂನ್‌ನಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಮರುತಿಂಗಳೇ ಕೆರೆಯಲ್ಲಿ ನೊರೆ ಎದ್ದು, ಹರಿವನ್ನು ಕೆಲಕಾಲ ನಿಲ್ಲಿಸಬೇಕಾಯಿತು. ಕೊಳಚೆ ನೀರಿನ ನೊರೆಗೆ ಒಂದು ಮುಖ್ಯ ಕಾರಣ ಮನೆಗಳ ಒಗೆತದಿಂದ ಬರುವ ಮಾರ್ಜಕ. ಮನೆಯ ಹಿತ್ತಲಿನಲ್ಲಿ ಜಾಲಿಸಿದ ಕೊನೆಯ ನೀರನ್ನು ತೆಂಗು, ಬಾಳೆಗೆ ಬಿಡಬಹುದು. ಮೊದಲ ಸೋಪುನೀರಿನ ಸೋಡಿಯಂ ಮಾತ್ರ ಮಣ್ಣನ್ನು ಗಟ್ಟಿಮಾಡುತ್ತದೆ, ಅದನ್ನು ಒಂದೇ ಬುಡಕ್ಕೆ ದಿನವೂ ಹರಿಸಬಾರದು.

ಮಾರ್ಕಂಡೇಯ ನದಿಗೆ ಬಂಗಾರಪೇಟೆ ತಾಲ್ಲೂಕಿನ ಯರಗೋಳ್ ಬಳಿ ಕಟ್ಟಿದ ಜಲಾಶಯ 2023ರಲ್ಲಿ ಉದ್ಘಾಟನೆಯಾಯಿತು. ಕೋಲಾರ, ಮಾಲೂರು, ಬಂಗಾರಪೇಟೆ ಪಟ್ಟಣಗಳಿಗೆ ಕುಡಿಯುವ ನೀರು ಕೊಡುವುದು ಅದರ ಉದ್ದೇಶ. ಮಳೆಯಿಂದ ತುಂಬುವ ಜಲಾಶಯದ ನೀರು ಸಾಮಾನ್ಯವಾಗಿ ಆಳದ ಕೊಳವೆಬಾವಿಯ ನೀರಿಗಿಂತ ಮೃದು. ನಲ್ಲಿ ನೀರು, ಬೋರ್ ನೀರು, ಟ್ಯಾಂಕರ್ ನೀರು ಮೂರೂ ಒಂದೇ ಸಂಪಿಗೆ ಬೀಳುವ ಮನೆಯಲ್ಲಿ ಗಡಸುತನ ವಾರದಿಂದ ವಾರಕ್ಕೆ ಬದಲಾಗುತ್ತದೆ. ಅಂಥಲ್ಲಿ ಪುಡಿಯ ಅಳತೆಯನ್ನು ಆಯಾ ವಾರದ ನೀರಿಗೆ ಹೊಂದಿಸಬೇಕು. ನಿಂಬೆ ಉಪ್ಪಿನ ಶುದ್ಧಿಯನ್ನು ಬೋರ್ ನೀರು ಹೆಚ್ಚು ಬಳಸಿದ ತಿಂಗಳುಗಳ ಕೊನೆಗೆ ಮಾಡಿದರೆ ಸಾಕು.